ಎಣ್ಣೆ ಕಾರ್ಖಾನೆಗೆ ಹೋಗುವ ಭತ್ತದ ಹುಲ್ಲು

ಪೆಟ್ರೋಲ್ ತಯಾರಿಸುವ ರಿಫೈನರಿಗೂ ಭತ್ತದ ಗದ್ದೆಗೂ ಏನು ಸಂಬಂಧವೆಂದು ರೈತ ಬಾಂಧವರು ಕೇಳಬಹುದು. ಹರಿಯಾಣದ ಪಾಣಿಪತ್‌ನಲ್ಲಿ ಈ ಸಂಬಂಧ ಈಗಾಗಲೇ ಏರ್ಪಟ್ಟಿದೆ. ಅಲ್ಲಿಯ ಇಂಡಿಯನ್ ಆಯಿಲ್ ಸಂಸ್ಥೆಯ ರಿಫೈನರಿಗೆ ಹೊಂದಿಕೊಂಡಂತೆ, ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುವ ಘಟಕವೊಂದನ್ನು 2022ರ ಆಗಸ್ಟ್‌ನಲ್ಲಿ ರಾಷ್ಟ್ರಕ್ಕೆ ಅರ್ಪಿಸಲಾಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತಯಾರಿಸುವುದು ಅದರ ಗುರಿ. ಹುಲ್ಲನ್ನು ಮೊದಲು ಮೆದುಗೊಳಿಸಿ, ಕಿಣ್ವಗಳಿಂದ ಸಕ್ಕರೆಯಾಗಿ ಒಡೆದು, ಅನಂತರ ಹುದುಗಿಸುತ್ತಾರೆ. ಹೀಗೆ ಬಂದ ಎಥನಾಲನ್ನು ಪೆಟ್ರೋಲಿಗೆ ಬೆರೆಸಿದರೆ ಅಷ್ಟು ಕಚ್ಚಾ ತೈಲ ಉಳಿಯುತ್ತದೆ, ಗದ್ದೆಯಲ್ಲಿ ಹುಲ್ಲು ಸುಡುವ ಹೊಗೆಯೂ ತಪ್ಪುತ್ತದೆ.

ಇದೆಲ್ಲ ಸ್ವಾಗತಾರ್ಹವೇ. ಆದರೆ ಈ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಬಾರದೆಂಬುದು ನನ್ನ ಅಭಿಪ್ರಾಯ. ಅದು ಪೊಟ್ಯಾಷ್.

ಭತ್ತದ ಬೆಳೆ ಹೀರಿಕೊಂಡ ಪೊಟ್ಯಾಷ್‌ನಲ್ಲಿ ಕಾಳಿಗೆ ಸೇರುವುದು ಸ್ವಲ್ಪ. ಬಹುಪಾಲು ಹುಲ್ಲಿನಲ್ಲಿಯೇ ಇರುತ್ತದೆ. ಒಂದು ಟನ್ ಒಣಹುಲ್ಲಿನಲ್ಲಿ ಸುಮಾರು 14ರಿಂದ 20 ಕಿಲೋಗ್ರಾಂ ಪೊಟ್ಯಾಷ್ ಉಂಟು. ಮ್ಯುರಿಯೇಟ್ ಆಫ್ ಪೊಟ್ಯಾಷ್‌ನಲ್ಲಿರುವುದು ಶೇಕಡಾ 60. ಎಂದರೆ ಒಂದು ಟನ್ ಹುಲ್ಲು ಗದ್ದೆ ಬಿಟ್ಟಾಗ 50 ಕಿಲೋ ಚೀಲದ ಅರ್ಧದಷ್ಟು ಗೊಬ್ಬರ ಅದರ ಸಂಗಡವೇ ಹೊರಟಂತಾಯಿತು. ಎಕರೆಗೆ 2 ಟನ್ ಸಾಗಿಸಿದರೆ ಒಂದು ಚೀಲ. ನಮ್ಮ ದೇಶ ಈ ಗೊಬ್ಬರಕ್ಕೆ ಆಮದನ್ನೇ ನಂಬಿದೆ. ಹುಲ್ಲು ಸುಟ್ಟಾಗ ಸಾರಜನಕವೂ ಗಂಧಕವೂ ಹೊಗೆಯಾಗಿ ಹೋದರೂ ಪೊಟ್ಯಾಷ್ ಮಾತ್ರ ಬೂದಿಯಲ್ಲಿ ಬಹುಮಟ್ಟಿಗೆ ಉಳಿಯುತ್ತದೆ. ಸುಡಿರೆಂದು ಹೇಳುತ್ತಿಲ್ಲ, ಸಾಗಿಸಿದರೆ ಅದೂ ಉಳಿಯದು ಎಂದಷ್ಟೇ.

ಎಥನಾಲ್‌ನಲ್ಲಿ ಪೊಟ್ಯಾಷ್ ಇರುವುದಿಲ್ಲ. ಆದ್ದರಿಂದ ಅದು ಘಟಕದ ಉಳಿಕೆ ದ್ರವದಲ್ಲಿಯೋ, ಲಿಗ್ನಿನ್ ಸುಟ್ಟ ಬೂದಿಯಲ್ಲಿಯೋ ಸಿಗಲೇಬೇಕು. ಕಾಕಂಬಿ ಬಳಸುವ ಡಿಸ್ಟಿಲರಿಗಳ ಬೂದಿಯಿಂದ ತೆಗೆದ ಪೊಟ್ಯಾಷ್ ಗೊಬ್ಬರವನ್ನು ಕೇಂದ್ರ ಸರ್ಕಾರ 2021ರಲ್ಲಿ ಸಹಾಯಧನದ ಪಟ್ಟಿಗೆ ಸೇರಿಸಿತು. ಹುಲ್ಲಿನ ಬೂದಿಗೂ ಅದೇ ದಾರಿ ಮಾಡಬಹುದು. ಸಂಸ್ಕರಣೆಗೆ ಬಳಸಿದ ರಾಸಾಯನಿಕಗಳ ಲವಣಾಂಶ ಬೂದಿಯಲ್ಲಿ ಇರಬಹುದಾದ ಕಾರಣ, ಪರೀಕ್ಷಿಸದೆ ಗದ್ದೆಗೆ ಹಾಕುವಂತಿಲ್ಲ. ಆ ಪರೀಕ್ಷೆಯ ಖರ್ಚು ಕಾರ್ಖಾನೆಯದೇ ಆಗಬೇಕು.

ದಾವಣಗೆರೆ ಜಿಲ್ಲೆಯಲ್ಲಿ ಇಂಥದೇ ಘಟಕದ ಯೋಜನೆಯನ್ನು ಮಂಗಳೂರು ರಿಫೈನರಿ ಹಿಂದೆ ಪ್ರಕಟಿಸಿತ್ತು. ನಮ್ಮಲ್ಲಿ ಹುಲ್ಲೆಂದರೆ ಮೊದಲು ಮೇವು. ದನ ತಿಂದದ್ದು ಕೊಟ್ಟಿಗೆ ಗೊಬ್ಬರವಾಗಿ ಗದ್ದೆಗೆ ಮರಳುತ್ತದೆ. ಬಣವೆಯ ಹುಲ್ಲನ್ನು ಮುಟ್ಟದೆ, ಗಂಗಾವತಿ, ಸಿಂಧನೂರು ಕಡೆ ಯಂತ್ರದ ಕಟಾವಿನ ನಂತರ ಸುಡುವ ಹುಲ್ಲನ್ನು ಕೊಡುವುದಾದರೆ ನನ್ನ ಆಕ್ಷೇಪವಿಲ್ಲ. ಆದರೆ ಕರಾರಿಗೆ ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿರಿ: ಟನ್ನಿನ ದರದಲ್ಲಿ ಆ ಅರ್ಧ ಚೀಲದ ಬೆಲೆ ಸೇರಿದೆಯೇ? ಇಲ್ಲವಾದರೆ, ಬೂದಿ ಯಾವಾಗ ಹಿಂದಕ್ಕೆ ಬರುತ್ತದೆ?