ಗೋಡೆ ಕಟ್ಟಿದರೆ ರೈತ ನಿಲ್ಲುತ್ತಾನೆಯೇ?



ಹಳ್ಳಿ ಬಿಟ್ಟು ಹೋಗುವವರ ಬಗ್ಗೆ ಪೇಟೆಯ ಪಂಡಿತರು ಬರೆಯುವುದನ್ನು ನೀವೂ ಓದಿರುತ್ತೀರಿ. ಪೇಟೆಯ ದೀಪ, ಪೇಟೆಯ ಬಟ್ಟೆ, ಪೇಟೆಯ ಸುಖ ನಮ್ಮ ಹುಡುಗರನ್ನು ಸೆಳೆಯುತ್ತವೆ ಅಂತ ಅವರ ವಾದ. ಅವರಿರಲಿ, ನಮ್ಮ ಜಗಲಿ ಮೇಲೆ ಕೂತ ಹಿರಿಯರೂ ಅದನ್ನೇ ಹೇಳ್ತಾರೆ: "ಈಗಿನ ಹುಡುಗರಿಗೆ ಮಣ್ಣು ಮುಟ್ಟೋಕೆ ನಾಚಿಕೆ." ಈ ಮಾತು ಎಷ್ಟು ನಿಜ? ಅದನ್ನು ತೂಗಿ ನೋಡಲು ಒಂದು ದೂರದ ದೇಶದ ಕಥೆ ಹೇಳುತ್ತೇನೆ. ಕಥೆ ಹಳೆಯದು, ಲೆಕ್ಕ ಮಾತ್ರ ನಮ್ಮದೇ.

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿ 1949ರಲ್ಲಿ ಎರಡು ರಾಜ್ಯಗಳಾಯಿತು. ಪಶ್ಚಿಮದ್ದು ಅಮೆರಿಕದ ಕಡೆ, ಪೂರ್ವದ್ದು ರಷ್ಯದ ಕಡೆ. ಒಂದೇ ಭಾಷೆ, ಒಂದೇ ಜನ, ನಡುವೆ ಗೆರೆ. ಎರಡೂ ಸರ್ಕಾರಗಳು ನಾವೇ ನಿಜವಾದ ಜರ್ಮನಿ ಅಂತ ಪೈಪೋಟಿಗೆ ನಿಂತವು. ಆ ಪೈಪೋಟಿಯಲ್ಲಿ ಜನ ಕಾಲಿನಿಂದ ಓಟು ಹಾಕಿದರು. 1949ರಿಂದ 1961ರ ಆಗಸ್ಟ್‌ವರೆಗೆ ಸುಮಾರು 27 ಲಕ್ಷ ಜನ ಪೂರ್ವವನ್ನು ಬಿಟ್ಟು ಪಶ್ಚಿಮಕ್ಕೆ ಹೋದರು. ಹೋದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 25 ವರ್ಷದೊಳಗಿನವರು. ಈ ಕಡೆಯಿಂದ ಆ ಕಡೆಗೆ ಹೋದವರೂ ಇದ್ದರು, ಆದರೆ ಅವರ ಸಂಖ್ಯೆ ಬಹಳ ಕಡಿಮೆ. ಕೊನೆಗೆ 1961ರ ಆಗಸ್ಟ್ 13ರಂದು ಪೂರ್ವದ ಸರ್ಕಾರ ಬರ್ಲಿನ್ ನಗರದ ನಡುವೆ ತಂತಿ ಎಳೆದು, ಆಮೇಲೆ ಗೋಡೆಯನ್ನೇ ಕಟ್ಟಿತು.

ಹೋದವರೆಲ್ಲ ರೈತರಲ್ಲ. ಡಾಕ್ಟರು, ಎಂಜಿನಿಯರು, ಕಾರ್ಖಾನೆ ಕೆಲಸಗಾರರು, ಮೇಷ್ಟರು ಎಲ್ಲರೂ ಇದ್ದರು. ಆದರೆ ಡಾಕ್ಟರನ ವಿದ್ಯೆ ಅವನ ಜೊತೆಗೇ ಹೋಗುತ್ತದೆ. ರೈತನ ಹೊಲ ಹೋಗುತ್ತದೆಯೇ? ಕೊಟ್ಟಿಗೆಯಲ್ಲಿ ದನ ಬಿಟ್ಟು, ಅಪ್ಪ-ಅಜ್ಜ ಉತ್ತ ನೆಲ ಬಿಟ್ಟು, ಕೈಯಲ್ಲೊಂದು ಸಣ್ಣ ಚೀಲ ಹಿಡಿದು ಒಬ್ಬ ರೈತ ಮನೆಯಿಂದ ಹೊರಬೀಳಬೇಕಾದರೆ ಅವನಿಗೆ ಏನಾಗಿರಬೇಕು? ಇದನ್ನು ನಮ್ಮಷ್ಟು ಚೆನ್ನಾಗಿ ಇನ್ಯಾರು ಬಲ್ಲರು?

ಏನಾಯಿತು ಅಂತ ನೋಡೋಣ. 1945ರಲ್ಲಿ ಪೂರ್ವದ ಭಾಗದಲ್ಲಿ ಭೂಸುಧಾರಣೆ ಆಯಿತು. 100 ಹೆಕ್ಟೇರಿಗೆ, ಅಂದರೆ ಸುಮಾರು 250 ಎಕರೆಗೆ ಮೇಲ್ಪಟ್ಟ ಜಮೀನ್ದಾರರ ಭೂಮಿಯನ್ನು ಪರಿಹಾರ ಕೊಡದೆ ಕಿತ್ತುಕೊಂಡು ಹಂಚಿದರು. ಕೂಲಿಕಾರರಿಗೆ, ನಿರಾಶ್ರಿತರಿಗೆ ಭೂಮಿ ಸಿಕ್ಕಿತು. ಹೊಸದಾಗಿ ಬೇಸಾಯಕ್ಕಿಳಿದ ಕುಟುಂಬಗಳೇ ಎರಡು ಲಕ್ಷದ ಮೇಲಿದ್ದವು. ಉಳುವವನಿಗೆ ಭೂಮಿ ಕೊಟ್ಟದ್ದನ್ನು ನಾನು ತಪ್ಪು ಅನ್ನುವುದಿಲ್ಲ. ತಪ್ಪು ಆದದ್ದು ಅದರ ಮುಂದೆ.

ಭೂಮಿ ಕೊಟ್ಟ ಸರ್ಕಾರ ಬೆಲೆ ಕೊಡಲಿಲ್ಲ. ಪ್ರತಿಯೊಬ್ಬ ರೈತನೂ ಇಷ್ಟು ಧಾನ್ಯ, ಇಷ್ಟು ಆಲೂಗಡ್ಡೆ, ಇಷ್ಟು ಹಾಲು, ಇಷ್ಟು ಮಾಂಸ, ಇಷ್ಟು ಮೊಟ್ಟೆ ಸರ್ಕಾರಕ್ಕೆ ಅಳೆಯಬೇಕು ಅಂತ ಕಟ್ಟಳೆ ಮಾಡಿತು. ಬೆಲೆಯನ್ನು ಸರ್ಕಾರವೇ ಗೊತ್ತುಮಾಡಿತು, ಅದೂ ಕಡಿಮೆ ಬೆಲೆ. ಕಟ್ಟಳೆ ಮುಗಿಸಿ ಉಳಿದ ಮಾಲಿಗೆ ಮಾತ್ರ ಒಳ್ಳೆ ಬೆಲೆ. ಆದರೆ ಉಳಿದರೆ ತಾನೆ? 20 ಹೆಕ್ಟೇರಿನ, ಅಂದರೆ ಸುಮಾರು 50 ಎಕರೆಯ ಮೇಲಿನವರಿಗೆ ಪ್ರತಿ ಹೆಕ್ಟೇರಿಗೂ ಹೆಚ್ಚು ಅಳತೆ ಹಾಕಿದರು. ಸರ್ಕಾರದ ಟ್ರ್ಯಾಕ್ಟರ್ ಕರೆಸಿದರೆ ಅವರಿಗೆ ಬಾಡಿಗೆಯೂ ಹೆಚ್ಚು. ಮಳೆ ಹೋಗಲಿ, ರೋಗ ಬರಲಿ, ಅಳತೆ ತಪ್ಪುವ ಹಾಗಿಲ್ಲ. ತಪ್ಪಿದರೆ ಬಾಕಿ. ಬಾಕಿ ಬಿದ್ದವನು ಕೋರ್ಟು ಕಟ್ಟೆ ಹತ್ತಬೇಕು. 1952-53ರಲ್ಲಿ ಅಳತೆ ಕೊಡಲಾಗದ ಎಷ್ಟೋ ರೈತರು ಜೈಲಿಗೆ ಹೋದರು, ಅವರ ಹೊಲ-ಮನೆ ಸರ್ಕಾರದ ಪಾಲಾಯಿತು.

ಹೇಳಿ, ಇದಕ್ಕೆ ನಮ್ಮಲ್ಲಿ ಏನನ್ನುತ್ತಿದ್ದೆವು? ಲೆವಿ ಅನ್ನುತ್ತಿದ್ದೆವು. ನಮ್ಮ ಹಿರಿಯರಿಗೆ ಭತ್ತದ ಲೆವಿಯ ನೆನಪಿದ್ದೇ ಇದೆ.

ಈಗ ಪೇಟೆಯ ಪಂಡಿತರ ವಾದಕ್ಕೆ ಬರೋಣ. ಪಶ್ಚಿಮದ ದೀಪದ ಬೆಳಕಿಗೆ ಜನ ಮರುಳಾದರು ಅಂತ ತಾನೆ? 1950ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನೂರಕ್ಕೆ ಹತ್ತು-ಹನ್ನೊಂದು ಮಂದಿ ಕೆಲಸವಿಲ್ಲದೆ ಕೂತಿದ್ದರು. ಬಾಂಬು ಬಿದ್ದ ಊರುಗಳಲ್ಲಿ ಮನೆಯಿಲ್ಲ. ಆ ವರ್ಷವೂ ಸುಮಾರು 2 ಲಕ್ಷ ಜನ ಅಲ್ಲಿಗೆ ಹೋದರು. ಆಗ ಯಾವ ದೀಪ ಕರೆದಿತ್ತು?

ಇನ್ನೂ ಕೇಳಿ. 1952ರ ಜುಲೈನಲ್ಲಿ ಪೂರ್ವದ ಆಳುವ ಪಕ್ಷ ಸಮಾಜವಾದವನ್ನು ಕಟ್ಟುತ್ತೇವೆ ಅಂತ ಸಾರಿ ಸಾಮೂಹಿಕ ಬೇಸಾಯ ಶುರು ಮಾಡಿತು. ಲೆವಿ ಬಿಗಿಯಾಯಿತು, ಜಫ್ತಿ ಹೆಚ್ಚಾಯಿತು. ಮರುವರ್ಷ, 1953ರಲ್ಲಿ, ಹೋದವರ ಸಂಖ್ಯೆ 3 ಲಕ್ಷ 30 ಸಾವಿರ ದಾಟಿತು. ಎಲ್ಲ ವರ್ಷಗಳಿಗಿಂತ ಹೆಚ್ಚು ಅದೇ. ಬಿಟ್ಟ ಹೊಲಗಳು ಬೀಳು ಬಿದ್ದವು, ಪೇಟೆಯಲ್ಲಿ ಊಟದ ಪದಾರ್ಥಕ್ಕೆ ತತ್ವಾರವಾಯಿತು. ಆಗ ಸರ್ಕಾರಕ್ಕೇ ದಿಗಿಲು ಹತ್ತಿತು. ಆ ವರ್ಷದ ಜೂನ್ ತಿಂಗಳಲ್ಲಿ ತಪ್ಪಾಯಿತು ಅಂತ ಒಪ್ಪಿಕೊಂಡು, ಓಡಿಹೋದ ರೈತರೇ ವಾಪಸು ಬನ್ನಿ, ನಿಮ್ಮ ಹೊಲ ನಿಮಗೆ ಕೊಡುತ್ತೇವೆ ಅಂತ ಪ್ರಕಟಣೆ ಹೊರಡಿಸಿತು. ಆದರೆ ಕಾರ್ಖಾನೆ ಕೆಲಸಗಾರರ ಮೇಲೆ ಹೇರಿದ ಹೆಚ್ಚು ದುಡಿಮೆಯನ್ನು ಇಳಿಸಲಿಲ್ಲ. ಜೂನ್ 17ರಂದು ಅವರು ಬೀದಿಗಿಳಿದರು, ಹಲವು ಕಡೆ ಹಳ್ಳಿಯವರೂ ಎದ್ದರು. ರಷ್ಯದ ಟ್ಯಾಂಕುಗಳು ಬಂದು ಅಡಗಿಸಿದವು.

ಆಮೇಲೆ ಹಗ್ಗ ಸ್ವಲ್ಪ ಸಡಿಲಾಯಿತು. 1958ರಲ್ಲಿ ರೇಷನ್ ಕಾರ್ಡು ಹೋಯಿತು. 1959ರಲ್ಲಿ ಹೋದವರ ಸಂಖ್ಯೆ 1 ಲಕ್ಷ 44 ಸಾವಿರಕ್ಕೆ ಇಳಿದಿತ್ತು. ಪಶ್ಚಿಮದ ದೀಪ ಆ ವರ್ಷ ಆರಿಹೋಗಿತ್ತೇ? ಇಲ್ಲ, ಇನ್ನೂ ಜೋರಾಗಿ ಉರಿಯುತ್ತಿತ್ತು. ಆದರೂ ಓಟ ಕಡಿಮೆಯಾಗಿತ್ತು.

ಹೀಗಿರುವಾಗ 1960ರ ಮೊದಲ ತಿಂಗಳುಗಳಲ್ಲಿ ಸರ್ಕಾರ ಮತ್ತೆ ಹಳ್ಳಿಗಳಿಗೆ ನುಗ್ಗಿತು. ಪಕ್ಷದ ಪ್ರಚಾರಕರ ತಂಡಗಳು ಮನೆ ಮನೆ ಹೊಕ್ಕವು. ಬೀದಿಯಲ್ಲಿ ಧ್ವನಿವರ್ಧಕದ ಗಾಡಿ ನಿಲ್ಲಿಸಿ, ಸಂಘಕ್ಕೆ ಸೇರದವರ ಹೆಸರು ಹಿಡಿದು ಕೂಗಿದರು. ಏಪ್ರಿಲ್ ಮುಗಿಯುವುದರೊಳಗೆ ಉಳಿದ ರೈತರೆಲ್ಲ "ಸ್ವಂತ ಇಚ್ಛೆಯಿಂದ" ಸಂಘ ಸೇರಿದರು ಅಂತ ಸಾರಲಾಯಿತು. ಆ ವರ್ಷ ಹೋದವರು ಮತ್ತೆ ಸುಮಾರು 2 ಲಕ್ಷ. ಬರ್ಲಿನ್ ದಾರಿ ಯಾವಾಗ ಮುಚ್ಚುವುದೋ ಅನ್ನುವ ಭಯವೂ ಜನರಿಗಿತ್ತು, ಒಪ್ಪೋಣ. ಆದರೆ ಹಳ್ಳಿಯವನನ್ನು ಎಬ್ಬಿಸಿದ್ದು ಆ ಧ್ವನಿವರ್ಧಕ.

ಅದೇ ಕಾಲಕ್ಕೆ, 1959ರ ಜನವರಿಯಲ್ಲಿ, ನಮ್ಮ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ ಜಂಟಿ ಸಹಕಾರಿ ಬೇಸಾಯದ ನಿರ್ಣಯ ಮಾಡಿತ್ತು. ಚರಣ್ ಸಿಂಗ್ ಅಲ್ಲೇ ಎದ್ದು ನಿಂತು ವಿರೋಧಿಸಿದರು. ನಿರ್ಣಯ ಕಾಗದದಲ್ಲೇ ಉಳಿಯಿತು. ಒಬ್ಬ ರೈತನ ಮಗ ಎದ್ದು ಬೇಡ ಅನ್ನುವುದಕ್ಕೆ ಜಾಗವಿದ್ದರೆ ಎಷ್ಟು ಅನಾಹುತ ತಪ್ಪುತ್ತದೆ ನೋಡಿ.

ಹಾಗಾದರೆ ಪಶ್ಚಿಮ ಸ್ವರ್ಗವೇ? ಅಲ್ಲ. 1955ರಲ್ಲಿ ಅಲ್ಲಿ ಕೃಷಿ ಕಾಯ್ದೆ ಬಂತು. ರೈತನ ಆದಾಯ ಬೇರೆ ಕಸುಬಿನವರ ಆದಾಯಕ್ಕೆ ಹೋಲಿಸಿದರೆ ಹೇಗಿದೆ ಅಂತ ಸರ್ಕಾರ ಪ್ರತಿ ವರ್ಷ ಪಾರ್ಲಿಮೆಂಟಿಗೆ ಲೆಕ್ಕ ಒಪ್ಪಿಸಬೇಕು ಅನ್ನುವ ಕಾಯ್ದೆ ಅದು. ಒಳ್ಳೆಯದೇ. ಆದರೆ ಪೂರ್ವದಿಂದ ಹೋದ ರೈತರಲ್ಲಿ ಹೆಚ್ಚಿನವರಿಗೆ ಅಲ್ಲಿ ಹೊಲ ಸಿಗಲಿಲ್ಲ. ಕಾರ್ಖಾನೆಯ ಗೇಟು ಸಿಕ್ಕಿತು. ಐವತ್ತು ಎಕರೆಯ ಯಜಮಾನ ಪಾಳಿಯ ಕೆಲಸಕ್ಕೆ ನಿಂತ. ಗೋಡೆ ಎದ್ದು ಆ ಜನ ಬರುವುದು ನಿಂತಾಗ ಪಶ್ಚಿಮದ ಸರ್ಕಾರ ಏನು ಮಾಡಿತು ಗೊತ್ತೇ? 1961ರ ಅಕ್ಟೋಬರ್ 30ರಂದು, ಗೋಡೆ ಎದ್ದ ಮೂರೇ ತಿಂಗಳೊಳಗೆ, ಟರ್ಕಿ ದೇಶದ ಜೊತೆ ಕೂಲಿಕಾರರನ್ನು ಕಳಿಸುವ ಒಪ್ಪಂದ ಮಾಡಿಕೊಂಡಿತು. ಕಾರ್ಖಾನೆಗೆ ಬೇಕಾದದ್ದು ಕೈ, ಮನುಷ್ಯನಲ್ಲ.

ಕಥೆ ಇಲ್ಲಿಗೂ ಮುಗಿಯಲಿಲ್ಲ. 1989ರ ನವೆಂಬರಿನಲ್ಲಿ ಗೋಡೆ ಬಿತ್ತು, 1990ರಲ್ಲಿ ಎರಡೂ ಒಂದಾದವು. ಇನ್ನು ಲೆವಿ ಇಲ್ಲ, ಧ್ವನಿವರ್ಧಕ ಇಲ್ಲ. ರೈತ ನಿಂತನೇ? 1990ರ ಜುಲೈ 1ರಂದು ಪಶ್ಚಿಮದ ನಾಣ್ಯ ಪೂರ್ವಕ್ಕೆ ಬಂತು. ಅಂಗಡಿಗಳಲ್ಲಿ ಪಶ್ಚಿಮದ ಮಾಲು ತುಂಬಿತು, ಪೂರ್ವದ ಹಾಲು-ಮಾಂಸವನ್ನು ಕೇಳುವವರಿಲ್ಲ, ಧಾರಣೆ ನೆಲ ಕಚ್ಚಿತು. 1989ರಲ್ಲಿ ಅಲ್ಲಿ ಬೇಸಾಯದಲ್ಲಿ ದುಡಿಯುತ್ತಿದ್ದವರು 8 ಲಕ್ಷಕ್ಕೂ ಹೆಚ್ಚು. ನಾಲ್ಕೈದು ವರ್ಷದಲ್ಲಿ ಉಳಿದವರು ಸುಮಾರು 2 ಲಕ್ಷ. ಗೋಡೆ ಇಲ್ಲದ ದಾರಿಯಲ್ಲಿ ಜನ ಮತ್ತೆ ಪಶ್ಚಿಮಕ್ಕೆ ಹೊರಟರು. 1991ರಿಂದ 2017ರವರೆಗೆ ಬಂದವರನ್ನು ಕಳೆದರೂ ಪೂರ್ವ ಸುಮಾರು 12 ಲಕ್ಷ ಜನರನ್ನು ಕಳೆದುಕೊಂಡಿತ್ತು.

ಮೊದಲು ಓಡಿಸಿದ್ದು ಕೆಂಪು ಬಾವುಟದ ಸರ್ಕಾರ. ಆಮೇಲೆ ಓಡಿಸಿದ್ದು ಯಾವ ಬಾವುಟವೂ ಇಲ್ಲದ ಪೇಟೆ. ಒಬ್ಬ ಕೋಲು ಹಿಡಿದು ಬೆಲೆ ಇಳಿಸಿದ, ಇನ್ನೊಬ್ಬ ತಕ್ಕಡಿ ಹಿಡಿದು ಇಳಿಸಿದ. ಹೊಲದಲ್ಲಿ ನಿಂತವನಿಗೆ ಎರಡೂ ಒಂದೇ. ಹಾಕಿದ ಖರ್ಚು ಹುಟ್ಟದ ಮೇಲೆ ಅವನು ಹೋಗಲೇಬೇಕು. ಬಾಗಿಲು ತೆರೆದಿದ್ದರೆ ಹಗಲಲ್ಲಿ ಹೋಗುತ್ತಾನೆ, ಮುಚ್ಚಿದ್ದರೆ ರಾತ್ರಿ ಹೋಗುತ್ತಾನೆ.

ಈಗ ನಮ್ಮ ಕಡೆ ತಿರುಗಿ ನೋಡಿ. ನಮ್ಮ ಹೋಬಳಿಗೂ ಬೆಂಗಳೂರಿಗೂ ನಡುವೆ ಗೋಡೆಯಿಲ್ಲ. ಆದರೆ ಪೈಪೋಟಿ ಇದೆ. ಪೇಟೆಯವನಿಗೆ ಅನ್ನ ಅಗ್ಗವಾಗಬೇಕು, ಹಳ್ಳಿಯವನಿಗೆ ಧಾರಣೆ ಸಿಗಬೇಕು. ಈ ಪೈಪೋಟಿಯಲ್ಲಿ ಸರ್ಕಾರ ಯಾವ ಕಡೆ ನಿಲ್ಲುತ್ತದೆ ಅಂತ ನಿಮಗೆ ಗೊತ್ತು. 1980ರಲ್ಲಿ ನರಗುಂದ-ನವಲಗುಂದದ ರೈತರು ಮಲಪ್ರಭಾ ನೀರಿನ ಹೆಸರಿನಲ್ಲಿ ಹಾಕಿದ ಬೆಟರ್‌ಮೆಂಟ್ ಲೆವಿ ಕಟ್ಟೋದಿಲ್ಲ ಅಂತ ನಿಂತಾಗ ಸಿಕ್ಕ ಉತ್ತರ ಗುಂಡು. ಇವತ್ತು ಭತ್ತದ ಲೆವಿ ಇಲ್ಲ, ನಿಜ. ಆದರೆ ಈರುಳ್ಳಿಗೆ ನಾಲ್ಕು ಕಾಸು ಬಂದ ಕೂಡಲೇ ಏನಾಗುತ್ತದೆ? 2023ರ ಡಿಸೆಂಬರಿನಲ್ಲಿ ರಫ್ತು ನಿಲ್ಲಿಸಿದರು, 2024ರ ಮೇ ತಿಂಗಳವರೆಗೆ ಬಿಡಲಿಲ್ಲ. ಬೆಳೆದವನ ಮನೆಗೆ ಅಮಲ್ದಾರ ಬರಲಿಲ್ಲ, ಚೀಲ ಜಫ್ತಿ ಮಾಡಲಿಲ್ಲ. ಒಂದು ಕಾಗದ ಹೊರಡಿಸಿದರು, ಅಷ್ಟೇ. ಇದು ಲೆವಿ ಅಲ್ಲದೆ ಇನ್ನೇನು?

ಅದಕ್ಕೇ ಹೇಳುತ್ತೇನೆ, ಮಗ ಪೇಟೆಗೆ ಹೊರಟು ನಿಂತಾಗ ಅವನನ್ನು ಬೈಯಬೇಡಿ. ಅವನು ಮಣ್ಣಿಗೆ ನಾಚಿ ಹೋಗುತ್ತಿಲ್ಲ. ನಿಮ್ಮ ಸೊಸೈಟಿ ಸಾಲದ ಪುಸ್ತಕವನ್ನು ನಿಮಗಿಂತ ಮೊದಲು ಅವನು ಓದಿದ್ದಾನೆ. ಹುಡುಗರಿಗೆ ಬುದ್ಧಿ ಹೇಳಿ ಊರಲ್ಲಿ ನಿಲ್ಲಿಸುತ್ತೇವೆ ಅನ್ನುವುದೂ ಒಂದು ಗೋಡೆಯೇ. ಇಟ್ಟಿಗೆಯ ಗೋಡೆಯೇ ನಿಲ್ಲಲಿಲ್ಲ, ಮಾತಿನ ಗೋಡೆ ನಿಂತೀತೇ?

ಮಾಡಬೇಕಾದದ್ದು ಬೇರೆ ಇದೆ. ಈ ಹಂಗಾಮಿನಿಂದ ಒಂದು ನೋಟುಬುಕ್ ಇಡಿ. ಬೀಜ, ಗೊಬ್ಬರ, ಔಷಧಿ, ಉಳುಮೆ, ಆಳಿನ ಕೂಲಿ, ಸಾಲದ ಬಡ್ಡಿ, ಭೂಮಿಯ ಗುತ್ತಿಗೆ ಎಲ್ಲ ಬರೆಯಿರಿ. ನಿಮ್ಮ ದುಡಿಮೆ, ನಿಮ್ಮ ಮನೆಯ ಹೆಣ್ಣುಮಕ್ಕಳ ದುಡಿಮೆಗೂ ಕೂಲಿ ಹಾಕಿ ಬರೆಯಿರಿ, ಅದನ್ನು ಬಿಡಬೇಡಿ. ಕ್ವಿಂಟಾಲಿಗೆ ಎಷ್ಟು ಬಿತ್ತು ಅಂತ ಲೆಕ್ಕ ತೆಗೆಯಿರಿ. ಖರ್ಚಿನ ಮೇಲೆ ಕನಿಷ್ಠ ಅರ್ಧದಷ್ಟು ಸೇರಿಸಿ ಬೆಂಬಲ ಬೆಲೆ ಕೊಡಬೇಕು ಅಂತ ಸ್ವಾಮಿನಾಥನ್ ಆಯೋಗ 2006ರಲ್ಲೇ ಹೇಳಿದೆ. ನಿಮ್ಮ ಲೆಕ್ಕವನ್ನೂ ಮಾರುಕಟ್ಟೆಯ ರಸೀದಿಯನ್ನೂ ಒಟ್ಟಿಗೆ ಹಿಡಿದು ಗ್ರಾಮಸಭೆಗೆ ಬನ್ನಿ. ಓಟು ಕೇಳಲು ಬಂದವನ ಮುಂದೆ ಎರಡನ್ನೂ ಇಡಿ. ಇವೆರಡರ ನಡುವಿನ ಅಂತರ ಎಷ್ಟಿದೆಯೋ, ನಮ್ಮ ಮಕ್ಕಳು ಊರಿನಿಂದ ಅಷ್ಟು ದೂರ ಹೋಗುತ್ತಾರೆ ಅಂತ ಅವನಿಗೆ ತಿಳಿಸಿ ಹೇಳಿ.