ಬಿಯರ್ ಇಲ್ಲದ ಬಿಯರ್ ಆಟ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ‘ಸರ್ಕಾರಿ ದುಡ್ಡಲ್ಲಿ ವೈದ್ಯರ ಬಿಯರ್ ಆಟ’ ಎಂದು ಮುಖಪುಟದಲ್ಲಿ ತಲೆಬರಹ ಕೊಟ್ಟು ಊರನ್ನೆಲ್ಲ ನಗಿಸಿದಿರಿ. ನಮ್ಮ ಹೋಟೆಲಿನಲ್ಲಿ ಒಬ್ಬರು ಅದನ್ನು ಗಟ್ಟಿಯಾಗಿ ಓದಿ, ‘ನೀವೂ ಹೋಗಿದ್ರಲ್ಲ ಸಾರ್, ಎಷ್ಟು ಬಾಟ್ಲಿ?’ ಎಂದು ಕೇಳಿದರು. 31 ವರ್ಷ ಸರ್ಕಾರಿ ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಂತವನಿಗೆ ಕೇಳುವ ಮಾತೇ ಇದು?

ವೈದ್ಯರ ಆ ತರಬೇತಿ ನಡೆದ ಕೋಣೆಯಲ್ಲಿ ನಾನು ಇಡೀ ದಿನ ಇದ್ದೆ. ನಿಮ್ಮ ವರದಿಗಾರರು ಇದ್ದದ್ದು ಫೋಟೊ ತೆಗೆಯುವಷ್ಟು ಹೊತ್ತು. ಮೇಜಿನ ಮೇಲಿದ್ದದ್ದು ಉದ್ದನೆಯ ಹಾಳೆ, ಪ್ಲಾಸ್ಟಿಕ್ ಬಿಲ್ಲೆ, ಇಂಡೆಂಟ್ ಚೀಟಿ. ಕುಡಿಯಲು ಸಕ್ಕರೆ ಜಾಸ್ತಿಯಾದ ಚಹಾ. ಅಮೆರಿಕದ ಎಂಐಟಿಯಲ್ಲಿ 1960ರ ಸುಮಾರಿಗೆ ಜೇ ಫಾರೆಸ್ಟರ್ ಅವರ ಬಳಗ ರೂಪಿಸಿದ ಆಟ ಅದು. ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ನಾಲ್ಕು ಕುರ್ಚಿ. ಪರಸ್ಪರ ಮಾತಿಲ್ಲ, ಚೀಟಿ ಮಾತ್ರ ದಾಟಬೇಕು, ಸರಕು ಬರಲು ವಾರಗಳು ಹಿಡಿಯುತ್ತವೆ. ಗಿರಾಕಿ ವಾರಕ್ಕೆ 4 ಪೆಟ್ಟಿಗೆ ಕೇಳುತ್ತಿರುತ್ತಾನೆ. ಒಂದು ವಾರ 8 ಕೇಳುತ್ತಾನೆ, ಮುಂದೆ ಅಷ್ಟರಲ್ಲೇ ಇರುತ್ತಾನೆ. ಅಷ್ಟಕ್ಕೇ ನಾಲ್ವರೂ ದಿಗಿಲುಬಿದ್ದು ಚೀಟಿಯ ಮೇಲೆ ಚೀಟಿ ಬರೆದು, ಮೊದಲು ಬರಗಾಲ, ಆಮೇಲೆ ಸರಕಿನ ಗುಡ್ಡ. ಬಿಯರ್ ಎಂಬುದು ಹೆಸರಿಗಷ್ಟೇ. ನಮ್ಮ ತರಬೇತಿಯಲ್ಲಿ ಅದನ್ನೂ ತೆಗೆದು ನಾಯಿ ಕಡಿತದ ಲಸಿಕೆ ಎಂದು, ಒಂದು ಕುರ್ಚಿಯನ್ನು ಉಗ್ರಾಣ ಎಂದು ಮಾಡಿದ್ದರು.

ಮಾತಾಡಬಾರದೆಂಬುದನ್ನೂ ಮರೆತು ನನ್ನೆದುರಿನ ಡಾಕ್ಟರು, ‘ಉಗ್ರಾಣದವರು ಬೇಕಂತಲೇ ತಡ ಮಾಡ್ತಿದಾರೆ’ ಎಂದು ಸಿಡಿದರು. ಉಗ್ರಾಣದ ಕುರ್ಚಿಯಲ್ಲಿದ್ದವರು ಅವರ ಜತೆಗೇ ಓದಿದ ಗೆಳೆಯರು! ನನಗೆ ನಗು ಬರಲಿಲ್ಲ. ಸರ್ವೀಸಿನಲ್ಲಿ ನಾನು ಮಾಡಿದ್ದೂ ಅದನ್ನೇ. ಲಸಿಕೆಗೆ ತತ್ವಾರ ಎಂಬ ಸುದ್ದಿ ಬಂದರೆ ಸಾಕು, 10 ವಯಲ್ ಬೇಕಾದ ಕಡೆ 40ಕ್ಕೆ ಇಂಡೆಂಟ್ ಹಾಕುತ್ತಿದ್ದೆ, ಹೇಗೂ ಕಾಲುಭಾಗ ಕೊಡುತ್ತಾರೆಂದು. ಪಕ್ಕದ ಪಿಎಚ್‌ಸಿಯವರೂ ಹಾಗೆಯೇ. ಮೇಲೆ ಕೂತವರಿಗೆ ತಾಲ್ಲೂಕಿನ ನಾಯಿಗಳೆಲ್ಲ ಒಟ್ಟಿಗೇ ಹುಚ್ಚೆದ್ದಂತೆ ಕಂಡಿರಬೇಕು. ತಿಂಗಳುಗಟ್ಟಲೆ ಆದಮೇಲೆ ಎಲ್ಲವೂ ಒಂದೇ ಸಲ ಬಂದು ಫ್ರಿಜ್ ತುಂಬಿ, ಎಕ್ಸ್‌ಪೈರಿ ಆದ ವಯಲ್‌ಗಳನ್ನು ಸ್ಟಾಕ್ ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಕಳೆದಿದ್ದೇನೆ. ಆಗ ನಿಮ್ಮ ಪತ್ರಿಕೆ ‘ಲಸಿಕೆ ಇಲ್ಲ’ ಎಂದು ಒಮ್ಮೆ ಬೈದಿತು, ‘ಲಸಿಕೆ ಹಾಳು’ ಎಂದು ಇನ್ನೊಮ್ಮೆ ಬೈದಿತು. ಎರಡೂ ಒಂದೇ ಕಥೆ, ಸ್ವಾಮಿ. ಹೀಗೆ ಇಡೀ ಸರಪಳಿಯನ್ನು ಒಟ್ಟಾಗಿ ನೋಡುವುದಕ್ಕೆ ಸಿಸ್ಟಮ್ಸ್ ಥಿಂಕಿಂಗ್ ಎನ್ನುತ್ತಾರಂತೆ. ಹೆಸರು ಏನಾದರೂ ಇರಲಿ, ಆಟ ಆಡಿದ ದಿನ ಸಂಜೆಯವರೆಗೆ ಆ ಕೆಂಪು ಶಾಯಿಯಲ್ಲಿ ನನ್ನ ಪಾಲೂ ಇದೆಯೆಂದು ನನಗೆ ಹೊಳೆದಿರಲಿಲ್ಲ.

ಬೈಯಲೇಬೇಕಿದ್ದರೆ ಬೈಯುವಂಥದ್ದು ಆ ತರಬೇತಿಯಲ್ಲೇ ಇತ್ತು, ನಿಮ್ಮವರ ಕಣ್ಣಿಗೆ ಬೀಳಲಿಲ್ಲ. ಕರೆದಿದ್ದು ಬರೀ ಡಾಕ್ಟರುಗಳನ್ನು. ಸ್ಟೋರಿನ ಬೀಗದ ಕೈ ಇಟ್ಟುಕೊಂಡ ಫಾರ್ಮಾಸಿಸ್ಟರಿಲ್ಲ, ಸ್ಟಾಫ್ ನರ್ಸುಗಳಿಲ್ಲ, ಆಶಾ ಕಾರ್ಯಕರ್ತೆಯರಂತೂ ಇಲ್ಲವೇ ಇಲ್ಲ. ಒಂದು ಕುರ್ಚಿ ಖಾಲಿ ಉಳಿಯಿತೆಂದು ನಿವೃತ್ತನಾದ ನನಗೆ ಫೋನು ಬಂತು, ಅಷ್ಟೆ. ಇವರೆಲ್ಲ ಯಾಕೆ ಬೇಕೆಂದರೆ, ಇದೇ ಬಗೆಯ ‘ಫ್ರೈಡೇ ನೈಟ್ ಅಟ್ ದಿ ಇಆರ್’ ಎಂಬ ಇನ್ನೊಂದು ಆಟವಿದೆ. ನಾಲ್ವರು ಆಸ್ಪತ್ರೆಯ ನಾಲ್ಕು ವಿಭಾಗ ಹಿಡಿದು ಆಟದ ಲೆಕ್ಕದ 24 ಗಂಟೆ ನಡೆಸಬೇಕು. ವಾರ್ಡಿನಲ್ಲಿ ಬೆಡ್ ಖಾಲಿಯಾಗದೆ ಐಸಿಯುನಿಂದ ಯಾರೂ ಇಳಿಯುವಂತಿಲ್ಲ, ಹೊಸದಾಗಿ ಬಂದವರು ಬಾಗಿಲಲ್ಲೇ. ಬೆಡ್ ಯಾವಾಗ ಖಾಲಿಯಾದೀತೆಂದು ಸರಿಯಾಗಿ ಗೊತ್ತಿರುವುದು ಸಿಸ್ಟರಿಗೆ. ಅವರನ್ನು ಹೊರಗಿಟ್ಟು ಇಂಥವನ್ನು ಆಡಿಸುವ ಬದಲು ಚೌಕಾಬಾರ ಆಡಿಸಬಹುದು. ಆಯೋಜಕರಿಗೆ ಇದನ್ನೇ ಹೇಳಿದೆ. ‘ಮುಂದಿನ ಬ್ಯಾಚಿನಲ್ಲಿ ನೋಡೋಣ’ ಎಂದರು. ಈ ‘ನೋಡೋಣ’ವನ್ನೂ 31 ವರ್ಷ ಕೇಳಿದ್ದೇನೆ.

ಪವರ್‌ಪಾಯಿಂಟ್ ತರಬೇತಿಯಲ್ಲಿ ಊಟವಾದ ಮೇಲೆ ಅರ್ಧ ಸಭಾಂಗಣ ಗೊರಕೆ ಹೊಡೆದಾಗ ಯಾರೂ ಮುಖಪುಟದಲ್ಲಿ ಹಾಕಲಿಲ್ಲ. ಜನ ಎಚ್ಚರವಾಗಿ ಕೂತದ್ದೇ ನಿಮಗೆ ಹಗರಣವಾಯಿತು.

ತಿದ್ದುಪಡಿ ಹಾಕುವುದಾದರೆ ಒಳಪುಟದ ಮೂಲೆಯಲ್ಲಿ ಬೇಡ. ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ವರದಿಗಾರರನ್ನು ಮುಂದಿನ ಬ್ಯಾಚಿಗೆ ಕಳಿಸಿ, ಕಾರ್ಖಾನೆಯ ಕುರ್ಚಿ ಕೊಡಿಸುತ್ತೇನೆ. ಬಿಯರ್ ಬೇಕಿದ್ದರೆ ಅವರೇ ತರಬೇಕು.

ಇಂತಿ,
ಒಬ್ಬ ನಿವೃತ್ತ ಫಾರ್ಮಾಸಿಸ್ಟ್