ಯಂತ್ರಮಾನವನು ಮೊದಲು ಹೋಗಬೇಕಾದುದು ಎಲ್ಲಿಗೆ?

ಯಂತ್ರಮಾನವರನ್ನು ಕುರಿತ ವಾರ್ತೆಗಳಿಗೆ ಈಗ ಬರವಿಲ್ಲ. 2025ರ ಏಪ್ರಿಲ್ ತಿಂಗಳಲ್ಲಿ ಚೀನಾದೇಶದ ಬೀಜಿಂಗ್ ನಗರದಲ್ಲಿ ನಡೆದ ಅರ್ಧ ಮ್ಯಾರಥಾನ್ ಓಟದಲ್ಲಿ 21 ಯಂತ್ರಮಾನವರು ಪಾಲುಗೊಂಡರು. ಗುರಿ ಮುಟ್ಟಿದವರು ಕೆಲವರೇ ಆದರೂ, ಮೊದಲು ಬಂದವನು 21 ಕಿಲೋಮೀಟರುಗಳ ಹಾದಿಯನ್ನು 2 ಗಂಟೆ 40 ನಿಮಿಷಗಳಲ್ಲಿ ಕ್ರಮಿಸಿದನು. ಅಮೆರಿಕೆಯ ‘ಅಟ್ಲಾಸ್’ ಎಂಬ ಯಂತ್ರಮಾನವನು ಲಾಗ ಹಾಕುವುದನ್ನು ನಮ್ಮ ವಾಚಕರಲ್ಲಿ ಅನೇಕರು ತೆರೆಯ ಮೇಲೆ ಕಂಡಿರಬಹುದು. ಎರಡು ಕಾಲುಗಳ ಮೇಲೆ ತೂಕ ತಪ್ಪದಂತೆ ನಿಲ್ಲುವುದೇ ಯಂತ್ರಕ್ಕೆ ಎಷ್ಟು ಕಷ್ಟವೆಂಬುದನ್ನು ಬಲ್ಲವರು ಈ ಸಾಧನೆಯನ್ನು ಲಘುವಾಗಿ ಕಾಣಲಾರರು. ಆದರೆ ಮೆಚ್ಚುಗೆಯ ಬೆನ್ನಿಗೇ ಒಂದು ಪ್ರಶ್ನೆಯೂ ಏಳಬೇಕಾದುದು ನ್ಯಾಯ. ಇಷ್ಟೊಂದು ಬುದ್ಧಿ, ಶ್ರಮ, ಧನಗಳನ್ನು ವ್ಯಯಿಸಿ ನಿರ್ಮಿಸಿದ ಈ ಯಂತ್ರವು ಮೊತ್ತಮೊದಲು ಹೋಗಬೇಕಾದ ಸ್ಥಳ ಯಾವುದು? ಓಟದ ಮೈದಾನವೇ, ಪ್ರದರ್ಶನದ ವೇದಿಕೆಯೇ, ಅಥವಾ ಮನುಷ್ಯನನ್ನು ಕಳುಹಬಾರದ ತಾಣವೇ?

ಈ ವಿದ್ಯೆಯ ಚರಿತ್ರೆಯೇ ಇದಕ್ಕೆ ಉತ್ತರವನ್ನು ಸೂಚಿಸುತ್ತದೆ. ‘ರೋಬಾಟ್’ ಎಂಬ ಮಾತು ಹುಟ್ಟಿದುದು ಪ್ರಯೋಗಶಾಲೆಯಲ್ಲಲ್ಲ, ನಾಟಕದಲ್ಲಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ಎಂಬ ನಾಟಕವೇ ಈ ಶಬ್ದದ ತವರು. ಚೆಕ್ ಭಾಷೆಯ ‘ರೊಬೊತ’ ಎಂದರೆ ಒಡೆಯನ ಹೊಲದಲ್ಲಿ ಒಕ್ಕಲು ಕೂಲಿಯಿಲ್ಲದೆ ಮಾಡಲೇಬೇಕಾಗಿದ್ದ ದುಡಿಮೆ. ನಮ್ಮ ಹಳ್ಳಿಗರ ಮಾತಿನಲ್ಲಿ ಹೇಳುವುದಾದರೆ ಬಿಟ್ಟಿ ಚಾಕರಿ. ಹೀಗೆ ಮನುಷ್ಯನ ಹೆಗಲಿನಿಂದ ಬಿಟ್ಟಿಯ ಭಾರವನ್ನು ಇಳಿಸುವ ಆಸೆ ಈ ಹೆಸರಿನೊಳಗೇ ಅಡಗಿದೆ.

ಯಂತ್ರಗಳ ಕಥೆಯೂ ಇದೇ ಬಗೆಯದು. 1940ರ ದಶಕದ ಕೊನೆಯಲ್ಲಿ ಅಮೆರಿಕೆಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ರೇಮಂಡ್ ಗೊರ್ಟ್ಸ್ ಎಂಬ ವಿಜ್ಞಾನಿಯು, ದಪ್ಪ ಗೋಡೆಯ ಈಚೆ ನಿಂತ ಮನುಷ್ಯನ ಕೈಚಲನೆಯನ್ನು ಆಚೆಯ ಲೋಹದ ಕೈ ಅನುಕರಿಸುವಂತಹ ಸಾಧನವನ್ನು ರಚಿಸಿದನು. ವಿಕಿರಣಶೀಲ ವಸ್ತುಗಳನ್ನು ಬರಿಗೈಯಿಂದ ಮುಟ್ಟುವಂತಿರಲಿಲ್ಲ; ಆದುದರಿಂದ ಈ ಕೈ ಹುಟ್ಟಿತು. 1961ರಲ್ಲಿ ನ್ಯೂಜೆರ್ಸಿಯ ಮೋಟಾರು ಕಾರ್ಖಾನೆಯೊಂದರಲ್ಲಿ ‘ಯೂನಿಮೇಟ್’ ಎಂಬ ಮೊದಲ ಕೈಗಾರಿಕಾ ರೋಬಾಟು ಕೆಲಸಕ್ಕೆ ನಿಂತಿತು. ಅದಕ್ಕೆ ವಹಿಸಿದ ಕಾರ್ಯ, ಅಚ್ಚಿನಿಂದ ಹೊರಬಂದ ಕಾದ ಲೋಹದ ಭಾಗಗಳನ್ನು ಎತ್ತಿಡುವುದು. ಸುಡುವ, ಕೈಬೆರಳನ್ನು ಕಳೆಯಬಲ್ಲ ಕೆಲಸವೇ ಯಂತ್ರದ ಪಾಲಿಗೆ ಮೊದಲು ಬಂದಿತೆಂಬುದನ್ನು ಗಮನಿಸಬೇಕು.

ಇಂತಹ ಯಂತ್ರ ಕೇವಲ ಸನ್ನೆ, ಚಕ್ರಗಳ ಕೂಟವಲ್ಲ. ನಾವು ಒಂದು ಲೋಟವನ್ನು ಎತ್ತುವಾಗ ಕಣ್ಣು ನೋಡುತ್ತದೆ, ಚರ್ಮ ಅದರ ನುಣುಪನ್ನು ತಿಳಿಸುತ್ತದೆ, ಮಿದುಳು ಆಜ್ಞೆ ಕೊಡುತ್ತದೆ, ಸ್ನಾಯು ಬಿಗಿಯುತ್ತದೆ. ಲೋಟ ಜಾರಿದರೆ ಆ ಸುದ್ದಿ ಮರಳಿ ಮಿದುಳಿಗೆ ಮುಟ್ಟಿ ಹಿಡಿತ ಬಲವಾಗುತ್ತದೆ. ಯಂತ್ರದಲ್ಲಿ ಕಣ್ಣು, ಚರ್ಮಗಳ ಸ್ಥಾನದಲ್ಲಿ ಸಂವೇದಕಗಳೂ, ಮಿದುಳಿನ ಸ್ಥಾನದಲ್ಲಿ ಗಣಕವೂ, ಸ್ನಾಯುವಿನ ಸ್ಥಾನದಲ್ಲಿ ಮೋಟಾರೂ ಇರುತ್ತವೆ. ಈ ಮೂರನ್ನೂ ಮೊದಲಿನಿಂದಲೇ ಒಂದಾಗಿ ಕಲ್ಪಿಸಿ ರಚಿಸುವ ಶಾಸ್ತ್ರಕ್ಕೆ ‘ಮೆಕಟ್ರಾನಿಕ್ಸ್’ ಎಂದು ಹೆಸರು. ಜಪಾನಿನ ಯಸ್ಕಾವಾ ಕಂಪೆನಿಯ ಇಂಜಿನಿಯರ್ ತೆತ್ಸುರೊ ಮೋರಿ 1969ರಲ್ಲಿ ಈ ಪದವನ್ನು ಬಳಕೆಗೆ ತಂದನು.

ಈ ಶಾಸ್ತ್ರದಲ್ಲಿ ಜಪಾನ್ ಅಗ್ರಗಣ್ಯವೆಂದು ಲೋಕವೆಲ್ಲ ಒಪ್ಪಿತ್ತು. 2000ದಲ್ಲಿ ಹೊರಬಂದ ‘ಅಸಿಮೋ’ ಎಂಬ ಯಂತ್ರಮಾನವನು ನಡೆದು, ಕೈಕುಲುಕಿ ಜನರನ್ನು ರಂಜಿಸಿದ್ದನು. ಆದರೆ 2011ರ ಮಾರ್ಚ್ 11ರಂದು ಭೂಕಂಪವೂ ಸುನಾಮಿಯೂ ಬಡಿದು ಫುಕುಶಿಮಾ ಪರಮಾಣು ಸ್ಥಾವರ ಕೆಟ್ಟಾಗ, ವಿಕಿರಣದಿಂದ ತುಂಬಿದ ಆ ಕಟ್ಟಡಗಳೊಳಗೆ ಹೋಗಿ ನೋಡಿಬರಲು ಸಿದ್ಧವಾದ ಯಂತ್ರ ಅಲ್ಲಿ ಕೂಡಲೇ ದೊರೆಯಲಿಲ್ಲ. ಏಪ್ರಿಲಿನಲ್ಲಿ ಮೊದಲು ಒಳಹೊಕ್ಕುದು ಅಮೆರಿಕೆಯಿಂದ ತರಿಸಿದ ‘ಪ್ಯಾಕ್‌ಬಾಟ್’ ಎಂಬ ಪುಟ್ಟ ಯಂತ್ರ. ಅದಕ್ಕೆ ಮುಖವೂ ಇರಲಿಲ್ಲ, ಕಾಲೂ ಇರಲಿಲ್ಲ. ಜಪಾನೀ ಸಂಶೋಧಕರ ‘ಕ್ವಿನ್ಸ್’ ಜೂನ್ ತಿಂಗಳಿನಲ್ಲಿ ಒಳಹೋಯಿತು. ದಪ್ಪ ಕಾಂಕ್ರೀಟಿನ ಗೋಡೆಗಳನ್ನು ರೇಡಿಯೋ ತರಂಗಗಳು ಸುಲಭವಾಗಿ ದಾಟಲಾರವು. ಆದುದರಿಂದ ಅದು ತಂತಿಯೊಂದನ್ನು ಎಳೆದುಕೊಂಡೇ ಸಾಗಬೇಕಾಗಿತ್ತು. ಅಕ್ಟೋಬರಿನಲ್ಲಿ ಆ ತಂತಿಯೇ ಸಿಕ್ಕಿಬಿದ್ದು ಯಂತ್ರ ಒಳಗೇ ಉಳಿಯಿತು. 2017ರ ಫೆಬ್ರವರಿಯಲ್ಲಿ ಕಳುಹಿದ ಚೇಳಿನಾಕಾರದ ಇನ್ನೊಂದು ಯಂತ್ರ ಅರ್ಧದಾರಿಯಲ್ಲಿ ನಿಂತುಹೋಯಿತು. ಅದೇ ವರ್ಷ ಜುಲೈಯಲ್ಲಿ ನೀರಿನೊಳಗೆ ಈಜುವ ಪುಟ್ಟ ಯಂತ್ರವೊಂದು, ಕರಗಿದ ಇಂಧನವೆಂದು ತೋರುವ ರಾಶಿಯ ಚಿತ್ರಗಳನ್ನು ತಂದಿತು. ಅಂತೂ 2024ರ ನವೆಂಬರಿನಲ್ಲಿ, ಗಾಳದ ಕೋಲಿನಂತೆ ಉದ್ದವಾಗುವ ಸಾಧನವೊಂದರಿಂದ ಆ ಇಂಧನದ ಮೊದಲ ತುಣುಕು ಹೊರಬಂದಿತು. ಅದರ ತೂಕ ಒಂದು ಗ್ರಾಮಿಗಿಂತಲೂ ಕಡಿಮೆ. ಒಳಗಿರುವುದಾದರೋ ಸುಮಾರು 880 ಟನ್ನುಗಳೆಂದು ಅಂದಾಜು.

ಫುಕುಶಿಮಾದ ಪಾಠವನ್ನು ಕಂಡು ಅಮೆರಿಕೆಯ ರಕ್ಷಣಾ ಸಂಶೋಧನಾ ಸಂಸ್ಥೆಯು ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ಬಾಗಿಲು ತೆರೆಯುವುದು, ಕವಾಟವನ್ನು ತಿರುಗಿಸುವುದು, ಮೆಟ್ಟಿಲೇರುವುದು ಮುಂತಾದ 8 ಕೆಲಸಗಳನ್ನು ಯಂತ್ರ ಒಂದು ಗಂಟೆಯೊಳಗೆ ಮಾಡಿ ಮುಗಿಸಬೇಕು. 2015ರ ಜೂನಿನಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ಎಂಟನ್ನೂ ಪೂರೈಸಿದವು ಮೂರೇ ಯಂತ್ರಗಳು. ದಕ್ಷಿಣ ಕೊರಿಯಾದ ‘ಹ್ಯೂಬೊ’ ಸುಮಾರು 44 ನಿಮಿಷಗಳಲ್ಲಿ ಮುಗಿಸಿ ಗೆದ್ದಿತು. ಬಾಗಿಲ ಹಿಡಿಯನ್ನು ತಿರುಗಿಸಲು ಹೋಗಿ ಮುಗ್ಗರಿಸಿ ಬಿದ್ದ ಯಂತ್ರಗಳನ್ನು ಕಂಡು ಜನ ನಕ್ಕರು. ಚದುರಂಗದಲ್ಲಿ ವಿಶ್ವವಿಜೇತನನ್ನು 1997ರಲ್ಲಿಯೇ ಸೋಲಿಸಿದ ಗಣಕಕ್ಕೆ, ಮೂರು ವರ್ಷದ ಮಗು ತೆರೆಯುವ ಬಾಗಿಲು ಬೆಟ್ಟವಾಯಿತು! ನಗಬೇಕಾದುದಲ್ಲ, ತಿಳಿಯಬೇಕಾದುದು ಇಲ್ಲಿದೆ. ಸಮನಾದ ನೆಲ, ಒಳ್ಳೆಯ ಬೆಳಕು, ಮೊದಲೇ ಗೊತ್ತಾದ ದಾರಿ, ಇವುಗಳ ನಡುವೆ ಬೆಳೆದ ಯಂತ್ರ ಕತ್ತಲೆ, ಕೆಸರು, ಕಲ್ಲುಮಣ್ಣುಗಳನ್ನು ಕಂಡೊಡನೆ ಕೈಚೆಲ್ಲುತ್ತದೆ. ಕಷ್ಟದ ತಾಣಕ್ಕೆ ಬೇಕಾದ ಯಂತ್ರವನ್ನು ಆ ಕಷ್ಟವನ್ನೇ ಗುರಿಯಾಗಿಟ್ಟುಕೊಂಡು ಮೊದಲೇ ಬೆಳೆಸಬೇಕು. ವಿಪತ್ತು ಬಂದ ದಿನ ಅದು ಒದಗಿ ಬರುವುದಿಲ್ಲ.

ಫುಕುಶಿಮಾ ದೂರದ ಮಾತೆಂದು ವಾಚಕರು ತಿಳಿಯಬಾರದು. ಮನುಷ್ಯನನ್ನು ಕಳುಹಬಾರದ ತಾಣ ನಮ್ಮ ನಗರಗಳ ಬೀದಿಬೀದಿಗಳ ಕೆಳಗೂ ಇದೆ. ಒಳಚರಂಡಿಯ ಮ್ಯಾನ್‌ಹೋಲಿನಲ್ಲಿಯೂ ಸೆಪ್ಟಿಕ್ ಟ್ಯಾಂಕಿನಲ್ಲಿಯೂ ಕೊಳೆಯುವ ಪದಾರ್ಥಗಳಿಂದ ಹೈಡ್ರೊಜನ್ ಸಲ್ಫೈಡ್, ಮೀಥೇನ್ ಮೊದಲಾದ ಅನಿಲಗಳು ಹುಟ್ಟುತ್ತವೆ, ಆಮ್ಲಜನಕ ಕಡಿಮೆಯಾಗುತ್ತದೆ. ಹೈಡ್ರೊಜನ್ ಸಲ್ಫೈಡ್ ಅಲ್ಪವಾಗಿರುವಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗಲಾದರೋ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ನಾತ ನಿಂತಿತೆಂದು ಇಳಿದವನು ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲಿಯೇ ಉಳಿಯುತ್ತಾನೆ. 2015ರ ನವೆಂಬರಿನಲ್ಲಿ ಕೇರಳದ ಕೋಳಿಕೋಡಿನಲ್ಲಿ ಹೀಗೆಯೇ ಇಬ್ಬರು ಕೆಲಸಗಾರರೂ, ಅವರನ್ನು ಉಳಿಸಲೆಂದು ಇಳಿದ ಆಟೋ ಚಾಲಕನೊಬ್ಬನೂ ಪ್ರಾಣ ತೆತ್ತರು.

ಕಾಯಿದೆಗಳಿಗೆ ಕೊರತೆಯಿಲ್ಲ. ಕರ್ನಾಟಕದಲ್ಲಿ 1970ರ ದಶಕದಲ್ಲಿಯೇ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲಾಯಿತು. ಕೇಂದ್ರದ ಕಾಯಿದೆಗಳು 1993ರಲ್ಲಿಯೂ 2013ರಲ್ಲಿಯೂ ಬಂದುವು. ಎರಡನೆಯದು ರಕ್ಷಣಾ ಸಾಧನಗಳಿಲ್ಲದೆ ಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು ಅಪರಾಧವೆಂದು ಸಾರಿತು. ಹೀಗೆ ಸತ್ತವರ ಕುಟುಂಬಕ್ಕೆ ಕೊಡತಕ್ಕ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ 10 ಲಕ್ಷ ರೂಪಾಯಿಗಳೆಂದೂ, 2023ರಲ್ಲಿ 30 ಲಕ್ಷವೆಂದೂ ನಿರ್ಣಯಿಸಿತು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಅನ್ಯಾಯದ ವಿರುದ್ಧ ನಡೆಸಿದ ಹೋರಾಟಕ್ಕಾಗಿ 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯನ್ನು ಪಡೆದರು. ಆದರೂ ಇಂತಹ ಸಾವುಗಳ ಸುದ್ದಿ ನಿಂತಿಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಈ ಕೆಲಸಗಾರರ ಪಾಲಿಗೆ ಎಂದೂ ನಿಜವಾಗಲಿಲ್ಲ.

ಇಲ್ಲಿಯೂ ಯಂತ್ರವಿದ್ಯೆ ಸುಮ್ಮನೆ ಕುಳಿತಿಲ್ಲವೆಂಬುದು ಸಂತೋಷದ ಸಂಗತಿ. ಕೇರಳದ ತರುಣ ಇಂಜಿನಿಯರುಗಳು ರಚಿಸಿದ ‘ಬ್ಯಾಂಡಿಕೂಟ್’, ಅಂದರೆ ಹೆಗ್ಗಣ, 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿಯಿತು. ಕಾಲುಗಳನ್ನು ಗೋಡೆಗೆ ಊರಿ ಅದು ಗುಂಡಿಯೊಳಗೆ ನಿಲ್ಲುತ್ತದೆ. ಕ್ಯಾಮೆರಾ ಕಳುಹುವ ಚಿತ್ರವನ್ನು ಮೇಲೆ ನಿಂತವನು ತೆರೆಯ ಮೇಲೆ ನೋಡುತ್ತ, ಯಂತ್ರದ ಕೈಯಿಂದ ಹೂಳನ್ನೂ ಕಲ್ಲುಗಳನ್ನೂ ಎತ್ತಿಸುತ್ತಾನೆ. ಮದರಾಸಿನ ಐ.ಐ.ಟಿ.ಯಲ್ಲಿ ರೂಪುಗೊಂಡ ‘ಹೋಮೋಸೆಪ್’ ಸೆಪ್ಟಿಕ್ ಟ್ಯಾಂಕಿಗಾಗಿ ಮಾಡಿದುದು. ಅದರ ಅಲಗುಗಳು ಕಿರಿದಾದ ಬಾಯಿಯಿಂದ ಒಳಗಿಳಿದು, ತಲೆಕೆಳಗಾದ ಕೊಡೆಯಂತೆ ಬಿಚ್ಚಿಕೊಂಡು, ಗಟ್ಟಿಯಾದ ಹೂಳನ್ನು ಕಲಕುತ್ತವೆ. ಅನಂತರ ಪಂಪು ಅದನ್ನು ಹೀರುತ್ತದೆ.

ಇದಕ್ಕೆ ಎರಡು ಆಕ್ಷೇಪಗಳುಂಟು. ಯಂತ್ರ ದುಬಾರಿ, ಸಣ್ಣ ಊರಿನ ಪುರಸಭೆಗೆ ಎಟುಕದು, ನಮ್ಮ ಇಕ್ಕಟ್ಟಿನ ಗಲ್ಲಿಗಳಲ್ಲಿ ನುಸುಳದು ಎಂಬುದು ಮೊದಲನೆಯದು. ಇದು ನಿಜ, ಆದರೆ ಇದು ಯಂತ್ರವನ್ನು ಕೈಬಿಡಲು ಕಾರಣವಲ್ಲ, ಸಂಶೋಧನೆಗೆ ಹೊಸ ಗುರಿ. ಅಗ್ಗವಾಗಿ, ಹಗುರವಾಗಿ, ಊರಿನ ರಿಪೇರಿ ಅಂಗಡಿಯಲ್ಲಿಯೇ ದುರಸ್ತಿ ಮಾಡುವಂತೆ ಯಂತ್ರವನ್ನು ರಚಿಸುವುದು ಲಾಗ ಹಾಕಿಸುವುದಕ್ಕಿಂತ ಕೀಳಾದ ವಿದ್ಯೆಯೆಂದು ಯಾರು ಹೇಳಬಲ್ಲರು? ಯಂತ್ರ ಬಂದರೆ ಬಡವನ ಅನ್ನ ಹೋಗುವುದೆಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ಯಂತ್ರದಲ್ಲಿಲ್ಲ, ಅದನ್ನು ಯಾರ ಕೈಗೆ ಕೊಡುತ್ತೇವೆಂಬುದರಲ್ಲಿದೆ. ಗುಂಡಿಗೆ ಇಳಿಯುತ್ತಿದ್ದವನೇ ಅದನ್ನು ನಡೆಸುವ ಚಾಲಕನಾಗಬೇಕು. ಹೋಮೋಸೆಪ್ ಯಂತ್ರಗಳನ್ನು ಮೊದಲು ಪಡೆದವರಲ್ಲಿ, ಇದೇ ಕೆಲಸದಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಮುನ್ನಡೆಸುವ ಸ್ವಸಹಾಯ ಸಂಘಗಳೂ ಇದ್ದುವು. ಇದು ದಾನವಲ್ಲ, ಸಲ್ಲಬೇಕಾದ ಬಾಕಿ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇವೆ. ಬೆಂಗಳೂರಿನಲ್ಲಿ ರಕ್ಷಣಾ ಇಲಾಖೆಯ ಕೃತಕ ಬುದ್ಧಿ ಮತ್ತು ರೋಬಾಟಿಕ್ಸ್ ಕೇಂದ್ರ 1986ರಿಂದ ಇದೆ; ಇಂಜಿನಿಯರಿಂಗ್ ಕಾಲೇಜುಗಳಿಗಂತೂ ಲೆಕ್ಕವಿಲ್ಲ. ವಿದ್ಯಾರ್ಥಿಗಳ ಸ್ಪರ್ಧೆಗಳಲ್ಲಿ ನೆಲದ ಮೇಲಿನ ಗೆರೆಯನ್ನು ಹಿಂಬಾಲಿಸುವ, ಚೆಂಡನ್ನು ಒದೆಯುವ ಯಂತ್ರಗಳಿಗೆ ಬಹುಮಾನ ದೊರೆಯುತ್ತದೆ. ಅವುಗಳ ಜೊತೆಗೆ ಒಂದು ಕತ್ತಲೆಯ ಗುಂಡಿಯನ್ನೂ, ಒಂದಷ್ಟು ಹೂಳನ್ನೂ ಇಟ್ಟು, ಮನುಷ್ಯನಿಳಿಯದೆ ಇದನ್ನು ತೆಗೆಯಿರೆಂದು ಹೇಳಿದರೆ ನಮ್ಮ ತರುಣರ ಜಾಣ್ಮೆ ನಿಜವಾದ ಒರೆಗಲ್ಲನ್ನು ಕಾಣುವುದು. ಪುರಸಭೆಗಳು ಯಂತ್ರವನ್ನು ಕೊಂಡು, ಉದ್ಘಾಟಿಸಿ, ಷೆಡ್ಡಿನಲ್ಲಿ ನಿಲ್ಲಿಸಿದರೆ ಸಾಲದು. ನಡೆಸುವವನಿಗೆ ತರಬೇತಿಯನ್ನೂ ತಕ್ಕ ಸಂಬಳವನ್ನೂ, ಬಿಡಿಭಾಗಗಳಿಗೆ ಹಣವನ್ನೂ ಮೊದಲೇ ತೆಗೆದಿರಿಸಬೇಕು. ಬೀದಿಯಲ್ಲಿ ಮ್ಯಾನ್‌ಹೋಲಿಗೆ ಇಳಿಯುತ್ತಿರುವ ಮನುಷ್ಯನನ್ನು ಕಂಡಾಗ, ಯಂತ್ರವೆಲ್ಲಿ ಎಂದು ಕೇಳುವ ಹೊಣೆ ನಾಗರಿಕರಾದ ನಮ್ಮೆಲ್ಲರದು.

ಯಂತ್ರಮಾನವನು ಎಷ್ಟು ವೇಗವಾಗಿ ಓಡಿದನೆಂಬುದನ್ನು ಅಳೆಯುವುದು ಸುಲಭ. ಅವನು ಎಷ್ಟು ಮಂದಿಯನ್ನು ಸಾವಿನ ಬಾಯಿಯಿಂದ ಈಚೆಗೆ ತಂದನೆಂಬುದೇ ಸರಿಯಾದ ಅಳತೆಗೋಲು. ಚರಂಡಿಗೆ ಇಳಿಯುವ ಕೊನೆಯ ಮನುಷ್ಯನು ಮೇಲೆ ಬಂದು ಮತ್ತೆ ಇಳಿಯದಿರುವ ದಿನ, ಈ ವಿದ್ಯೆ ತನ್ನ ಹೆಸರಿನ ಸಾಲವನ್ನು ತೀರಿಸಿತೆಂದು ನಾವು ಒಪ್ಪಬಹುದು.